ನೀರಿನಲ್ಲಿ ಕರಗಿದ ಕಲ್ಲು: ಧನಕವಡಿಯ ಎರಡು ನೀರುಗಳ ಚರಿತ್ರೆ

ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಬರುವವರು ಹಳೆಯ ಘಾಟಿಯ ದಾರಿ ಹಿಡಿದರೆ ಊರೊಳಗೆ ಕಾಲಿಡುವುದು ಕಾತ್ರಜ್ ಮೂಲಕ. ಘಾಟಿ ಇಳಿದ ಮೇಲೆ ಒಂದು ಕೆರೆ, ಅದರ ಪಕ್ಕದಲ್ಲೇ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯ, ಆಮೇಲೆ ಭಾರತಿ ವಿದ್ಯಾಪೀಠದ ಕಟ್ಟಡಗಳು, ಬಾಲಾಜಿನಗರ, ಧನಕವಡಿ, ಪದ್ಮಾವತಿ, ಕೊನೆಗೆ ಸ್ವಾರ್‌ಗೇಟ್ ಬಸ್ ನಿಲ್ದಾಣ. ಸಾತಾರಾ ರಸ್ತೆಯ ಈ ಕೆಲವು ಕಿಲೋಮೀಟರುಗಳಲ್ಲಿ ಧನಕವಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಒಂದು ಕಾಲದ ಹಳ್ಳಿ ಈಗ ಮಹಾನಗರಪಾಲಿಕೆಯ ದಟ್ಟ ಬಡಾವಣೆ.

ಇಲ್ಲಿಯ ಹೌಸಿಂಗ್ ಸೊಸೈಟಿಗಳಲ್ಲಿ ನೀರಿಗೆ ಎರಡು ಹೆಸರು. ಒಂದು ‘ಕಾರ್ಪೊರೇಷನ್‌ಚಂ ಪಾಣಿ’, ಇನ್ನೊಂದು ‘ಬೋರಿಂಗ್‌ಚಂ ಪಾಣಿ’. ಬೆಂಗಳೂರಿನವರು ಕಾವೇರಿ ನೀರು, ಬೋರ್ ನೀರು ಎನ್ನುವಂತೆಯೇ ಇದು. ಮೊದಲನೆಯದು ಸಹ್ಯಾದ್ರಿಯಲ್ಲಿ ಸುರಿದ ಮಳೆ. ಖಡಕ್‌ವಾಸ್ಲಾ ಜಲಾಶಯದಿಂದ ಬಂದು, ವಡಗಾಂವ್‌ನ ಶುದ್ಧೀಕರಣ ಕೇಂದ್ರ ಹಾದು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ನಲ್ಲಿಯಲ್ಲಿ ಬರುತ್ತದೆ. ಎರಡನೆಯದು ಕಟ್ಟಡದ ಹಿಂದೆ ಕೊರೆದ ಕೊಳವೆಬಾವಿಯದು. ಶೌಚಾಲಯಕ್ಕೆ, ಗಿಡಕ್ಕೆ, ವಾಹನ ತೊಳೆಯಲಿಕ್ಕೆ ಎಂದು ಅದನ್ನು ಬೇರೆಯೇ ಟ್ಯಾಂಕಿಗೆ ಏರಿಸುವ ಸೊಸೈಟಿಗಳುಂಟು. ಏಪ್ರಿಲ್–ಮೇ ಬಂದಾಗ ಈ ಎರಡರ ನಡುವಿನ ಗೋಡೆ ತೆಳುವಾಗುತ್ತದೆ. ಪಾಲಿಕೆಯ ನೀರು ಸಾಲದಾದಾಗ ಬೋರಿನ ನೀರು, ಅದೂ ಸಾಲದಾದಾಗ ಟ್ಯಾಂಕರಿನ ನೀರು, ಎಲ್ಲವೂ ಒಂದೇ ಟ್ಯಾಂಕಿಗೆ ಬೀಳುತ್ತವೆ.

ಹಾಗೆ ಬಿದ್ದದ್ದು ಮನೆಯವರಿಗೆ ತಿಳಿಯುವುದು ಬಣ್ಣದಿಂದಲ್ಲ, ವಾಸನೆಯಿಂದಲೂ ಅಲ್ಲ. ಸ್ಟೀಲ್ ಬಕೆಟ್ಟಿನ ಅಂಚಿನಲ್ಲಿ ಒಣಗಿದ ಬಿಳಿ ಗೆರೆ ಕಾಣುತ್ತದೆ. ಶವರಿನ ತೂತುಗಳು ಒಂದೊಂದಾಗಿ ಮುಚ್ಚುತ್ತವೆ. ಬೇಳೆಗೆ ಎರಡು ಸೀಟಿ ಹೆಚ್ಚು ಬೇಕಾಗುತ್ತದೆ. ಕೊನೆಗೊಂದು ದಿನ ಗೀಸರ್ ಸಿಡಿಮಿಡಿ ಸದ್ದು ಮಾಡತೊಡಗುತ್ತದೆ. ರಿಪೇರಿಯವನು ಅದನ್ನು ಬಿಚ್ಚಿ, ಸುಣ್ಣದ ಕವಚ ತೊಟ್ಟ ಕಾಯಿಲನ್ನು ಹೊರತೆಗೆದು ಹೇಳುವುದು ಒಂದೇ ಮಾತು: ‘ಕ್ಷಾರ’.

ಆ ಕ್ಷಾರ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಊರಿನ ಪೂರ್ತಿ ಚರಿತ್ರೆಯೇ ಸಿಗುತ್ತದೆ.

ಹೆಸರಿನಲ್ಲೇ ಇರುವ ಪರೀಕ್ಷೆ

ಕನ್ನಡದ ಪಠ್ಯಪುಸ್ತಕ ಇದನ್ನು ಗಡಸು ನೀರು ಎನ್ನುತ್ತದೆ. ಇಂಗ್ಲಿಷ್ ಪದದ ನೇರ ನೆರಳು. ಮರಾಠಿ ಪಠ್ಯಪುಸ್ತಕ ಹೆಚ್ಚು ಜಾಣ. ಅಲ್ಲಿ ಇದು ‘ದುಷ್ಫೇನ’ ನೀರು, ಅಂದರೆ ನೊರೆ ಬರಲು ಕಷ್ಟವಾದದ್ದು. ಮೆದು ನೀರು ‘ಸುಫೇನ’. ಹೆಸರಿನಲ್ಲಿಯೇ ಪರೀಕ್ಷೆಯ ವಿಧಾನವೂ ಇದೆ. ಆದರೆ ಆಡುಮಾತಿನಲ್ಲಿ ಯಾರೂ ದುಷ್ಫೇನ ಎನ್ನುವುದಿಲ್ಲ. ಪುಣೆಯ ಮನೆಗಳಲ್ಲಿ ಅದು ‘ಜಡ’ ನೀರು, ಭಾರದ್ದು. ಉತ್ತರ ಕರ್ನಾಟಕದಲ್ಲಿ ಸವಳು ನೀರು, ಹಳೆ ಮೈಸೂರಿನ ಕಡೆ ಉಪ್ಪುನೀರು. ಇದಕ್ಕೆ ಎದುರಾಗಿ ಸಿಹಿನೀರು. ಹೀಗೆ ಜನ ನೀರನ್ನು ತೂಗಿ ನೋಡಿದ್ದಾರೆ, ರುಚಿ ನೋಡಿದ್ದಾರೆ, ಬೇಳೆ ಬೇಯಿಸಿ ನೋಡಿದ್ದಾರೆ.

ಬೇಳೆಯ ಪರೀಕ್ಷೆ ಬರಿಯ ನಂಬಿಕೆಯಲ್ಲ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ನೀರಿನಲ್ಲಿರುವ ಕ್ಯಾಲ್ಸಿಯಂ ಆ ಪೆಕ್ಟಿನ್ನಿಗೆ ಬಂದು ಕಟ್ಟಿಕೊಂಡರೆ ಅದು ಕರಗಲು ಒಪ್ಪುವುದಿಲ್ಲ. ಚಿಟಿಕೆ ಸೋಡಾ ಹಾಕುವ ಹಳೆಯ ಉಪಾಯ ಕೆಲಸ ಮಾಡುವುದೂ ಇದೇ ರಸಾಯನದ ಮೇಲೆ.

ವಿಜ್ಞಾನ ಈ ಗುಣಕ್ಕೆ ಅಂಕಿ ಕೊಟ್ಟದ್ದು 19ನೇ ಶತಮಾನದಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ ಗೊತ್ತಾದ ಅಳತೆಯ ಸಾಬೂನು ದ್ರಾವಣವನ್ನು ನೀರಿಗೆ ಬೆರೆಸಿ ಅಲುಗಾಡಿಸಿ, ನಿಲ್ಲುವ ನೊರೆ ಬರಲು ಎಷ್ಟು ಸಾಬೂನು ಬೇಕು ಎಂದು ನೋಡುವ ಕ್ರಮ ತಂದ. ಸುಣ್ಣ ಬೆರೆಸಿಯೇ ನೀರಿನೊಳಗಿನ ಸುಣ್ಣವನ್ನು ಕೆಳಗಿಳಿಸುವ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದವನೂ ಅವನೇ. ಇಂದು ಗಡಸುತನವನ್ನು ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, 2012ರ ಪರಿಷ್ಕರಣೆಯಲ್ಲಿ, 200 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಅಮೆರಿಕದ ಭೂವಿಜ್ಞಾನ ಇಲಾಖೆಯ ವರ್ಗೀಕರಣದಲ್ಲಿ 60ರವರೆಗೆ ಮೆದು, 180 ದಾಟಿದರೆ ಅತಿ ಗಡಸು. ಅಂದರೆ ನಮ್ಮ ಮಾನದಂಡ ಧಾರಾಳವಾಗಿ ಒಪ್ಪುವ ನೀರನ್ನು ಇನ್ನೊಂದು ದೇಶದ ಪಟ್ಟಿ ಕೊನೆಯ ಖಾನೆಗೆ ತಳ್ಳುತ್ತದೆ.

ಇದರಲ್ಲಿ ವಿರೋಧವೇನೂ ಇಲ್ಲ. ಒಂದು ಮಾನದಂಡ ಕುಡಿಯುವವರನ್ನು ನೋಡುತ್ತದೆ, ಇನ್ನೊಂದು ಪಟ್ಟಿ ನೀರಿನ ಸ್ವಭಾವವನ್ನು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಆಧಾರದ ಮಿತಿಯನ್ನೇ ಗೊತ್ತುಮಾಡಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೆ ಬೇಕಾದವುಗಳೇ. ಗಡಸು ನೀರು ಮನುಷ್ಯನಿಗಿಂತ ಹೆಚ್ಚಾಗಿ ಅವನ ಸಾಮಾನುಗಳನ್ನು ಕಾಡುತ್ತದೆ.

ಕಲ್ಲಿನ ಜೊತೆ ಕಳೆದ ಕಾಲ

ಪುಣೆ ನಿಂತಿರುವುದು ಕಪ್ಪು ಬಸಾಲ್ಟಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಆರಿದ ದಖ್ಖನ್ ಶಿಲೆ ಇದು. ನಮ್ಮ ಬೀದರ್, ಕಲಬುರಗಿ, ವಿಜಯಪುರ ಸೀಮೆಗಳ ಅಡಿಯಲ್ಲಿರುವುದೂ, ಬೆಳಗಾವಿ ಜಿಲ್ಲೆಯ ಹಲವು ಭಾಗಗಳ ಅಡಿಯಲ್ಲಿರುವುದೂ ಇದೇ ಕಲ್ಲು. ಅದರ ಖನಿಜಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಧಾರಾಳ.

ಮಳೆನೀರು ಮುಗಿಲಿನಿಂದ ಬರುವಾಗ ಬಹಳ ಮೆದು. ನೆಲದೊಳಗೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ನಸುಹುಳಿಯಾಗುತ್ತದೆ. ಆ ಹುಳಿ ಕಲ್ಲನ್ನು ನಿಧಾನವಾಗಿ ತಿನ್ನುತ್ತದೆ; ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ನೀರಿನೊಳಗೆ ಸೇರುತ್ತದೆ. ಬಂಡೆಯ ಮೇಲೆ ಹರಿದು ಹೋದ ನೀರಿಗೆ ಇದಕ್ಕೆಲ್ಲ ಸಮಯವಿಲ್ಲ. ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತ ನೀರಿಗೆ ಸಮಯವೇ ಸಮಯ. ಒಂದೇ ಮಳೆ, ಒಂದೇ ಕಲ್ಲು. ನಡುವಿನ ವ್ಯತ್ಯಾಸ ಅವೆರಡೂ ಒಟ್ಟಿಗೆ ಕಳೆದ ಕಾಲದ್ದು. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಧನಕವಡಿಯ ನೀರಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಊರಿನ ನೀರು ಮೇಲಿನಿಂದ ಬಂದಾಗ ಮೆದುವಾಗಿತ್ತು. ಅದು ಸಾಲದಾದಾಗಲೆಲ್ಲ ಊರು ಕೆಳಗಿಳಿಯಿತು, ನೀರು ಗಡಸಾಯಿತು.

ಪೇಶ್ವೆಯ ಕಾಲುವೆ

ನಾನಾಸಾಹೇಬ ಎಂದು ಹೆಸರಾದ ಬಾಳಾಜಿ ಬಾಜೀರಾವ್ 1740ರಿಂದ 1761ರವರೆಗೆ ಪೇಶ್ವೆಯಾಗಿದ್ದ. ರಾಜಧಾನಿಯಂತೆ ಬೆಳೆಯುತ್ತಿದ್ದ ಪುಣೆಗೆ ಮುಠಾ ನದಿಯೂ ಮನೆಬಾವಿಗಳೂ ಸಾಲದಾದಾಗ ಅವನ ಆಡಳಿತ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿತು. ಅಂಬಿಲ್ ಓಢಾ ಎಂಬ ಹಳ್ಳದ ನೀರನ್ನು ತಡೆದು, ಹೂಳು ಕೆಳಗಿಳಿಯಲು ಬಿಟ್ಟು, ತಿಳಿಯಾದ ನೀರನ್ನು ನೆಲದಡಿಯ ಕಲ್ಲುಗಾರೆಯ ಕಾಲುವೆಯಲ್ಲಿ ಶನಿವಾರವಾಡೆಯವರೆಗೆ ಹರಿಸಿದರು. ಇಂದಿನ ಧನಕವಡಿ ಇರುವ ಇಳಿಜಾರಿನ ಕಡೆಯಿಂದಲೇ ಅದು ಊರಿಗಿಳಿಯಿತು. ಪಂಪಿಲ್ಲ, ಯಂತ್ರವಿಲ್ಲ, ನೆಲದ ಇಳಿಜಾರೊಂದೇ ಬಲ. ನಡುನಡುವೆ ‘ಉಚ್ಛ್ವಾಸ’ಗಳೆಂಬ ಗೋಪುರದಂಥ ಕಿಂಡಿಗಳು, ಗಾಳಿ ಹೊರಹೋಗಲು, ಒಳಗಿಳಿದು ಹೂಳು ತೆಗೆಯಲು. ಪೇಟೆಗಳಲ್ಲಿ ಸಾರ್ವಜನಿಕ ‘ಹೌದ್’ಗಳು. ಅರಬ್ಬಿಯ ಹೌಜ್ ಮರಾಠಿಗೆ ಬಂದು ಹೌದ್ ಆಗಿದೆ.

ಕನ್ನಡದ ಓದುಗರಿಗೆ ಇದರ ಹಿರಿಯಣ್ಣ ವಿಜಯಪುರದಲ್ಲಿ ಸಿಗುತ್ತಾನೆ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನೆಲದಡಿಯಲ್ಲಿ ನೀರು ತಂದರು. ಊರೊಳಗೆ ಅಲ್ಲಲ್ಲಿ ನಿಂತಿರುವ ‘ಗಂಜ್’ ಎಂಬ ನೀರಿನ ಗೋಪುರಗಳು ಒತ್ತಡ ತಗ್ಗಿಸಿ, ಹೂಳನ್ನು ತಡೆದು, ನೀರನ್ನು ಮುಂದಕ್ಕೆ ಹಂಚುತ್ತಿದ್ದವು. ಎರಡು ಊರುಗಳಿಗೂ ಅಡಿಯಲ್ಲಿ ಒಂದೇ ಕಪ್ಪು ಕಲ್ಲು. ಮೇಲಿನ ನೀರನ್ನು ಹಿಡಿದು ತರುವ ಒಂದೇ ಜಾಣತನವೂ ಎರಡಕ್ಕೂ ಇತ್ತು.

ಈ ಕಟ್ಟಡಗಳ ಗಾರೆಯಲ್ಲಿ ಒಂದು ತಮಾಷೆ ಅಡಗಿದೆ. ದಖ್ಖನ್ನಿನಲ್ಲಿ ಗಾರೆಗೆ ಸುಣ್ಣ ಬಹುಪಾಲು ಸಿಗುತ್ತಿದ್ದುದು ಕಂಕರದಿಂದ, ಎರೆಮಣ್ಣಿನೊಳಗೆ ಗಂಟುಗಂಟಾಗಿ ಬೆಳೆಯುವ ಬಿಳಿ ಸುಣ್ಣದ ಹರಳುಗಳಿಂದ. ಅವು ಹುಟ್ಟುವುದು ಹೇಗೆ? ಮಣ್ಣಿನೊಳಗಿನ ಗಡಸು ನೀರು ಬೇಸಿಗೆಯಲ್ಲಿ ಆವಿಯಾಗುತ್ತ, ತಾನು ಹೊತ್ತಿದ್ದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಇಳಿಸಿ ಹೋಗುತ್ತದೆ. ಗೀಸರಿನ ಕಾಯಿಲಿನ ಮೇಲೆ ಕೂರುವುದೂ ಮುಖ್ಯವಾಗಿ ಅದೇ ವಸ್ತು. ಸಾವಿರಾರು ವರ್ಷಗಳಲ್ಲಿ ಮಣ್ಣಿನೊಳಗೆ ನಡೆಯುವ ಕೆಲಸ ಬಚ್ಚಲಿನಲ್ಲಿ ಎರಡು ಬೇಸಿಗೆಯಲ್ಲಿ ಮುಗಿಯುತ್ತದೆ, ಅಷ್ಟೇ.

ಹೌದುಗಳ ಮೆದು ನೀರು ಎಲ್ಲರಿಗೂ ಸಿಕ್ಕಿತು ಎಂದು ಹೇಳಿದರೆ ಚರಿತ್ರೆಗೆ ಮೋಸ. ಅಸ್ಪೃಶ್ಯರೆನಿಸಿದವರು ಸಾರ್ವಜನಿಕ ನೀರು ಮುಟ್ಟುವಂತಿರಲಿಲ್ಲ. ಜೋತಿರಾವ್ ಫುಲೆ 1868ರಲ್ಲಿ ತಮ್ಮ ಮನೆಯ ಹೌದನ್ನು ಅವರಿಗೆ ತೆರೆದದ್ದು ಇದೇ ಪುಣೆಯಲ್ಲಿ. ಯಾರಿಗೆ ಯಾವ ನೀರು ಎಂಬ ಪ್ರಶ್ನೆ ಈ ಊರಿನಲ್ಲಿ ಕೊಳವೆಬಾವಿಗಿಂತ ಬಹಳ ಹಳೆಯದು.

ಖಡಕ್‌ವಾಸ್ಲಾ, 1961, ಮತ್ತು ದಕ್ಷಿಣದ ಇಳಿಜಾರು

ಬ್ರಿಟಿಷರ ಕಾಲದಲ್ಲಿ ದಂಡಿನ ಪ್ರದೇಶಕ್ಕೂ ಹೊಲಗಳಿಗೂ ನೀರು ಬೇಕಾಯಿತು. ಮುಠಾ ನದಿಗೆ ಖಡಕ್‌ವಾಸ್ಲಾದಲ್ಲಿ ಅಣೆಕಟ್ಟು 1870ರ ದಶಕದಲ್ಲಿ ಎದ್ದಿತು. ಅದನ್ನು ರೂಪಿಸಿದ ಎಂಜಿನಿಯರ್ ಫೈಫ್‌ನ ಹೆಸರಿನಿಂದ ಜಲಾಶಯಕ್ಕೆ ಲೇಕ್ ಫೈಫ್ ಎಂದು ಕರೆದರು. ಅಂದಿನಿಂದ ಪುಣೆಯ ಮುಖ್ಯ ನೀರು ಅದೇ. ಸಹ್ಯಾದ್ರಿಯ ಭಾರಿ ಮಳೆ ಬಂಡೆಯ ಮೇಲಿಂದ ರಭಸವಾಗಿ ಇಳಿದು ಕೆಲವೇ ತಿಂಗಳಲ್ಲಿ ಜಲಾಶಯ ತುಂಬುತ್ತದೆ. ಕಲ್ಲಿನ ಜೊತೆ ಮಾತಾಡಲು ಆ ನೀರಿಗೆ ಪುರಸೊತ್ತಿಲ್ಲ. ಹಾಗಾಗಿ ಅದು ಮೆದು. ಪುಣೆಯ ಹಳೆಯ ಪೇಟೆಗಳವರು ತಮ್ಮ ಊರಿನ ನೀರಿನ ಬಗ್ಗೆ ಹೆಮ್ಮೆಪಡುವುದಕ್ಕೆ ಇದೂ ಒಂದು ಕಾರಣ.

1961ರ ಜುಲೈ 12ರಂದು, ಮೇಲೆ ಇನ್ನೂ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರು ಖಡಕ್‌ವಾಸ್ಲಾವನ್ನೂ ಮುರಿದು ಊರಿಗೆ ನುಗ್ಗಿತು. ನದಿದಂಡೆಯ ಪೇಟೆಗಳು ನಾಶವಾದವು. ಒಂದು ದಿನದ ಪ್ರವಾಹ ಮುಗಿದ ಮೇಲೆ ಊರನ್ನು ಕಾಡಿದ್ದು ನೀರಿನ ಬರ. ಜನ ಮರೆತಿದ್ದ ಬಾವಿಗಳ ಕಡೆ ಕೊಡ ಹಿಡಿದು ನಡೆದರು. ಮನೆ ಕಳೆದುಕೊಂಡವರಿಗೆ ಎತ್ತರದ ಜಾಗಗಳಲ್ಲಿ, ಪರ್ವತಿ, ಸಹಕಾರನಗರದ ಕಡೆಯೂ, ವಸತಿಗಳು ಎದ್ದವು. ಪುಣೆ ದಕ್ಷಿಣಕ್ಕೆ, ಇಳಿಜಾರಿನ ಮೇಲಕ್ಕೆ ಸರಿಯತೊಡಗಿತು. 1964ರಲ್ಲಿ ಸ್ಥಾಪನೆಯಾದ ಭಾರತಿ ವಿದ್ಯಾಪೀಠ ಮುಂದೆ ಧನಕವಡಿಯಲ್ಲಿ ದೊಡ್ಡ ಆವರಣ ಕಟ್ಟಿತು. ವಿದ್ಯಾರ್ಥಿಗಳು, ಬಾಡಿಗೆ ಕೋಣೆಗಳು, ಮೆಸ್ಸುಗಳು ಬಂದವು. ಹಳ್ಳಿ ಪಾಲಿಕೆಯೊಳಗೆ ಸೇರುವ ಹೊತ್ತಿಗೆ ಹೊಲಗಳ ಜಾಗದಲ್ಲಿ ಮಹಡಿಗಳು ನಿಂತಿದ್ದವು.

ಮನೆಗಳು ಮೊದಲು, ಪೈಪುಗಳು ಆಮೇಲೆ. ನಮ್ಮ ಊರುಗಳೆಲ್ಲ ಬೆಳೆದ ಕ್ರಮವೇ ಇದು. ಪೇಶ್ವೆಯ ಕಾಲದಲ್ಲಿ ಊರಿಗೆ ನೀರು ಇಳಿದುಬಂದದ್ದು ಈ ಕಡೆಯಿಂದ. ಈಗ ಇಲ್ಲಿಗೇ ನೀರನ್ನು ಪಂಪಿನಿಂದ ಏರಿಸಬೇಕು. ಸಾಲಿನ ಕೊನೆಯಲ್ಲಿರುವವರಿಗೆ ಒತ್ತಡ ಕಡಿಮೆ, ಗಂಟೆಗಳೂ ಕಡಿಮೆ. ಹಳೆಯ ಹಳ್ಳದ ದಾರಿ ಇನ್ನೂ ಇದೆ ಎಂಬುದು 2019ರ ಸೆಪ್ಟೆಂಬರ್ 25ರ ರಾತ್ರಿ ಎಲ್ಲರಿಗೂ ನೆನಪಾಯಿತು. ಅಂಬಿಲ್ ಓಢಾ ಉಕ್ಕಿ ಕಾತ್ರಜ್‌ನಿಂದ ಕೆಳಗಿನ ವಸತಿಗಳನ್ನು ಮುಳುಗಿಸಿ ಪ್ರಾಣ ತೆಗೆಯಿತು. ಮೇಲಿನ ನೀರು ಒಂದು ರಾತ್ರಿ ಕೊಲ್ಲುವಷ್ಟು ಬರುತ್ತದೆ, ಬೇಸಿಗೆಯಲ್ಲಿ ಬಕೆಟ್ಟಿಗೂ ಬರುವುದಿಲ್ಲ.

ಸುತ್ತಿಗೆ ಕೆಳಗಿಳಿದಾಗ

ಬಸಾಲ್ಟನ್ನು ಕೈಯಿಂದ ಅಗೆಯುವುದಕ್ಕೆ ಮಿತಿಯಿತ್ತು. ಮೇಲಿನ ಗರಸು ಪದರ ದಾಟಿ, ಸಡಿಲ ಬಂಡೆ ಇರುವವರೆಗೆ ಬಾವಿ ಇಳಿಯುತ್ತಿತ್ತು. ಆ ನೀರು ಪ್ರತಿ ಮಳೆಗಾಲ ಹೊಸದಾಗುತ್ತಿತ್ತು. ಜಲಾಶಯದ ನೀರಿಗಿಂತ ಗಡಸಾದರೂ ನಿಭಾಯಿಸಬಹುದಾಗಿತ್ತು. 1960ರ ದಶಕದ ಕೊನೆಗೆ, ಗಾಳಿಯ ಒತ್ತಡದಿಂದ ರಂಧ್ರದ ತಳದಲ್ಲೇ ಸುತ್ತಿಗೆ ಬಡಿಯುವ ಯಂತ್ರಗಳು ಯೂನಿಸೆಫ್ ನೆರವಿನಿಂದ ಬರಗಾಲದ ಜಿಲ್ಲೆಗಳಿಗೆ ಬಂದವು. ವಾರಗಟ್ಟಲೆಯ ಕೆಲಸ ದಿನಗಳದ್ದಾಯಿತು. 1972ರ ಭೀಕರ ಬರ ಮಹಾರಾಷ್ಟ್ರದಲ್ಲಿ ಅವುಗಳಿಗೆ ಊರೂರಲ್ಲೂ ಕೆಲಸ ಕೊಟ್ಟಿತು. ಕನ್ನಡ–ಮರಾಠಿ ಬೆರೆತ ಸೊಲ್ಲಾಪುರದಲ್ಲಿ ತಯಾರಾದ ಗಟ್ಟಿ ಕೈಪಂಪಿನ ವಿನ್ಯಾಸದಿಂದಲೇ ಮುಂದೆ ದೇಶದೆಲ್ಲೆಡೆ ಕಾಣುವ ಇಂಡಿಯಾ ಮಾರ್ಕ್ 2 ಕೈಪಂಪು ಬೆಳೆಯಿತು.

ಬಾಯಾರಿದ ಹಳ್ಳಿಗೆಂದು ಬಂದ ತಂತ್ರ ಇಪ್ಪತ್ತು ವರ್ಷಗಳಲ್ಲಿ ಬಿಲ್ಡರನ ಅನುಕೂಲವಾಯಿತು. ಪಾಲಿಕೆಯ ಪೈಪು ಬರುವವರೆಗೆ ಕಾಯಬೇಕಿಲ್ಲ. ಎರಡು ದಿನ ಕೊರೆದು, ಮೋಟರ್ ಇಳಿಸಿ, ಫ್ಲ್ಯಾಟು ಮಾರಬಹುದು. ಒಬ್ಬರ ಬೋರು ಒಣಗಿದರೆ ಪಕ್ಕದವರು ಇನ್ನೂ ಆಳಕ್ಕೆ ಹೋಗುತ್ತಾರೆ. ಬಸಾಲ್ಟಿನಲ್ಲಿ ನೀರು ಮರಳಿನಲ್ಲಿರುವಂತೆ ಎಲ್ಲೆಡೆ ಹರಡಿರುವುದಿಲ್ಲ. ಲಾವಾ ಪದರಗಳ ನಡುವಿನ ಸಂದು, ಬಿರುಕು, ಗುಳ್ಳೆಗಳಿದ್ದ ಪದರಗಳಲ್ಲಿ ಮಾತ್ರ ಕೂತಿರುತ್ತದೆ. ಆಳಕ್ಕೆ ಹೋದಷ್ಟೂ ಸಿಗುವುದು ಸಾಮಾನ್ಯವಾಗಿ ಹೆಚ್ಚು ಕಾಲ ಕೂತ ನೀರು, ಹೆಚ್ಚು ಕಲ್ಲು ಉಂಡ ನೀರು. ಎರಡು ಕಟ್ಟಡಗಳ ನಡುವೆ ಒಂದು ಗೋಡೆಯಷ್ಟೇ ಇದ್ದರೂ ಅವುಗಳ ಗೀಸರುಗಳ ಆಯುಷ್ಯ ಬೇರೆಬೇರೆಯಾಗುವುದು ಈ ಕಾರಣಕ್ಕೆ.

ಗೀಸರಿನೊಳಗಿನ ಲೆಕ್ಕ

ಗೀಸರಿಗೆ ಮುಂಚೆ ಪುಣೆಯ ಮನೆಗಳಲ್ಲಿ ‘ಬಂಬ’ ಇತ್ತು. ತಾಮ್ರದ ದೊಡ್ಡ ಪಾತ್ರೆ, ನಡುವೆ ಕೊಳವೆ, ಅದರೊಳಗೆ ಕಟ್ಟಿಗೆಯ ಬೆಂಕಿ. ನಮ್ಮ ಬಚ್ಚಲುಮನೆಯ ಹಂಡೆಯ ಸೋದರ. ಅದರಲ್ಲೂ ಬಿಳಿ ಪದರ ಕಟ್ಟುತ್ತಿತ್ತು. ಆದರೆ ಹಂಡೆಯ ಬಾಯಿ ತೆರೆದಿರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಮುಗಿಯಿತು. ಹುಣಸೆಯ ಆಮ್ಲ ಕಾರ್ಬೊನೇಟನ್ನು ಕರಗಿಸುತ್ತದೆ. ಗೀಸರಿನ ತೊಡಕೆಂದರೆ ಅದು ಮುಚ್ಚಿದ ಪೆಟ್ಟಿಗೆ. ಕೆಡುವವರೆಗೂ ಒಳಗೇನಾಗಿದೆ ಎಂದು ಯಾರಿಗೂ ಕಾಣುವುದಿಲ್ಲ.

ಹೆಚ್ಚಿನ ಲವಣಗಳು ನೀರು ಬಿಸಿಯಾದಷ್ಟೂ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟಿನದು ತಿರುಗುಮುರುಗು ಸ್ವಭಾವ. ನೀರು ಕಾಯ್ದಾಗ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಸುಣ್ಣದ ಕಲ್ಲು ಉಳಿಯುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲಿನ ಮೈ, ಹಾಗಾಗಿ ಅಲ್ಲೇ ಕೂರುತ್ತದೆ. ಆ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಶಾಖ ದಾಟಿಸುವುದರಲ್ಲಿ ಅದು ತಾಮ್ರಕ್ಕಿಂತ ನೂರಾರು ಪಟ್ಟು ಹಿಂದೆ. ಒಳಗೆ ಕಾಯಿಲು ಕೆಂಪಗೆ ಕಾಯುತ್ತದೆ, ಹೊರಗೆ ನೀರು ತಡವಾಗಿ ಕಾಯುತ್ತದೆ. ವಿದ್ಯುತ್ ಬಿಲ್ಲು ಏರುತ್ತದೆ, ಕೊನೆಗೆ ಕಾಯಿಲೇ ಸುಡುತ್ತದೆ. ಸಿಡಿಮಿಡಿ ಸದ್ದು, ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಒಡೆದು ಹೊರಬರುವುದರದು.

ಒಂದು ಸಣ್ಣ ಲೆಕ್ಕ ಹಾಕಬಹುದು. ಮನೆಯ ಗೀಸರಿನಲ್ಲಿ ದಿನಕ್ಕೆ 50 ಲೀಟರ್ ನೀರು ಹಾಯುತ್ತದೆ ಎನ್ನೋಣ. ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇದ್ದರೆ ದಿನಕ್ಕೆ 15 ಗ್ರಾಂ, ವರ್ಷಕ್ಕೆ ಸುಮಾರು ಐದೂವರೆ ಕಿಲೋ ಕಲ್ಲು ಆ ಪೆಟ್ಟಿಗೆಯನ್ನು ಹಾದುಹೋಗುತ್ತದೆ. 50 ಮಿಲಿಗ್ರಾಂ ಇದ್ದರೆ ಒಂದು ಕಿಲೋಕ್ಕೂ ಕಡಿಮೆ. ಎಲ್ಲವೂ ಒಳಗೇ ನಿಲ್ಲುವುದಿಲ್ಲ. ಹತ್ತರಲ್ಲೊಂದು ಪಾಲು ನಿಂತರೂ ಅರ್ಧ ಕಿಲೋ. ಥರ್ಮೋಸ್ಟ್ಯಾಟನ್ನು 60 ಡಿಗ್ರಿಯ ಕೆಳಗೆ ಇಳಿಸಿದರೆ ಪದರ ಕಟ್ಟುವ ವೇಗ ಗಣನೀಯವಾಗಿ ತಗ್ಗುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಗೀಸರ್ ಮಾರುವವರು ಹೇಳುವುದು ಅಪರೂಪ.

ಉಳಿದ ಯಂತ್ರಗಳದೂ ಇದೇ ಕತೆ, ವಿವರ ಮಾತ್ರ ಬೇರೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ನಿನೊಳಗೂ ಒಂದು ಹೀಟರ್ ಇದೆ. ಬಿಸಿನೀರಿನ ಒಗೆತ ಹೆಚ್ಚಾದಷ್ಟೂ ಅದು ಗೀಸರಿನ ದಾರಿ ಹಿಡಿಯುತ್ತದೆ. ಅದಕ್ಕೆಂದು ಮಾರುವ ಪುಡಿಗಳಲ್ಲಿ ಹಲವಕ್ಕೆ ಸಿಟ್ರಿಕ್ ಆಮ್ಲವೇ ಜೀವಾಳ, ಅಂದರೆ ನಿಂಬೆಹಣ್ಣಿನ ಹುಳಿ. ಸೋಲಾರ್ ಹೀಟರಿನ ವ್ಯಾಪಾರಿ ಮೊದಲು ಕೇಳುವುದು ನೀರು ಬೋರಿನದೋ ಕಾರ್ಪೊರೇಷನ್ನಿನದೋ ಎಂದು. ಸಪಾಟು ಫಲಕದ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ.

ಸಾಬೂನು ಸೋತ ನೆಲ

ಯಂತ್ರಗಳು ಬರುವ ಮೊದಲೂ ಗಡಸು ನೀರು ಮನೆಯ ಒಂದು ಪದ್ಧತಿಯನ್ನು ಬದಲಿಸಿತ್ತು. ಸನ್‌ಲೈಟ್ ಸಾಬೂನು 1888ರಲ್ಲಿ ಭಾರತಕ್ಕೆ ಬಂತು. ಸಾಬೂನಿನ ದೌರ್ಬಲ್ಯವೆಂದರೆ ಅದು ಮೊದಲು ಕ್ಯಾಲ್ಸಿಯಮ್ಮಿನ ಜೊತೆ ಸೇರಿ ಮೊಸರಿನಂಥ ಜಿಡ್ಡಾಗುತ್ತದೆ. ಆ ಜಗಳ ಮುಗಿದ ಮೇಲೆಯೇ ಕೊಳೆಯ ಸರದಿ. ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ಆ ಜಿಡ್ಡಿನಿಂದ. ಅಂಟುವಾಳಕಾಯಿಗೆ, ಮರಾಠಿಯ ರಿಠಾಕ್ಕೆ, ಈ ತೊಂದರೆಯಿಲ್ಲ. ಅದರ ನೊರೆ ಕ್ಯಾಲ್ಸಿಯಮ್ಮಿಗೆ ಮಣಿಯುವುದಿಲ್ಲ. ಅಜ್ಜಿಯರು ರೇಷ್ಮೆ ಸೀರೆಗೆ ಅದನ್ನೇ ನಂಬಿದ್ದು ಬರೀ ಹಳೆಯದರ ಮೇಲಿನ ಮೋಹವಲ್ಲ. 1959ರಲ್ಲಿ ಸರ್ಫ್, 1969ರಲ್ಲಿ ಕರ್ಸನ್‌ಭಾಯಿ ಪಟೇಲರ ನಿರ್ಮಾ ಬಂದವು. ಡಿಟರ್ಜೆಂಟ್ ಪುಡಿ ಈ ದೇಶದಲ್ಲಿ ಗೆದ್ದುದಕ್ಕೆ ಬೆಲೆ, ಜಾಹೀರಾತು ಕಾರಣ ಹೌದು. ಗಡಸು ನೀರಿನಲ್ಲೂ ಸೋಲದ ಅದರ ಗುಣವೂ ಅಷ್ಟೇ ಕಾರಣ.

ಕಲ್ಲಿನೊಳಗೇ ಇದ್ದ ಮದ್ದು

ಈ ಕತೆಯ ವಿಚಿತ್ರ ತಿರುವು ಬಸಾಲ್ಟಿನೊಳಗೇ ಇದೆ. ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ ಕಾಲಾಂತರದಲ್ಲಿ ಹರಳುಗಳು ಬೆಳೆದವು. 19ನೇ ಶತಮಾನದಲ್ಲಿ ಬೋರ್ ಘಾಟಿನಲ್ಲಿ ರೈಲುದಾರಿಗೆ ಬಂಡೆ ಒಡೆದಾಗ ಅವು ಹೊರಬಿದ್ದು ಯುರೋಪಿನ ಸಂಗ್ರಹಾಲಯಗಳಿಗೆ ಹೋದವು. ಒಂದು ಹರಳಿಗೆ ಈ ಊರಿನ ನೆನಪಿಗಾಗಿ ಪೂನಾಲೈಟ್ ಎಂಬ ಹೆಸರೂ ಇತ್ತು. ಅದು ಬೇರೆ ಖನಿಜವಲ್ಲ ಎಂದು ಆಮೇಲೆ ತಿಳಿಯಿತು. ಪುಣೆಯ ವಾಘೋಲಿಯ ಕಲ್ಲುಕ್ವಾರಿಗಳ ನೀಲಿ ಕ್ಯಾವನ್ಸೈಟ್ ಇಂದಿಗೂ ಜಗತ್ತಿನ ಹರಳುಪ್ರಿಯರಿಗೆ ಗೊತ್ತು. ಅದರ ಅಕ್ಕಪಕ್ಕದಲ್ಲಿ ಬೆಳೆಯುವವು ಜಿಯೋಲೈಟ್‌ಗಳು. ಆ ಹೆಸರಿಟ್ಟವನು ಸ್ವೀಡನ್ನಿನ ಕ್ರಾನ್‌ಸ್ಟೆಡ್, 1756ರಲ್ಲಿ. ಕಾಯಿಸಿದಾಗ ನೊರೆಯುಕ್ಕಿಸುತ್ತಿದ್ದ ಕಲ್ಲಿಗೆ ಗ್ರೀಕಿನಲ್ಲಿ ‘ಕುದಿಯುವ ಕಲ್ಲು’ ಎಂದ.

ಜಿಯೋಲೈಟಿನ ಹಂದರದಲ್ಲಿ ಸಣ್ಣ ಸಣ್ಣ ಕೋಣೆಗಳಿವೆ. ಅಲ್ಲಿರುವ ಸೋಡಿಯಮ್ಮನ್ನು ಹೊರಗೆ ಬಿಟ್ಟು ನೀರಿನ ಕ್ಯಾಲ್ಸಿಯಮ್ಮನ್ನು ಒಳಗೆ ಕೂರಿಸಿಕೊಳ್ಳುತ್ತದೆ. ಮಣ್ಣಿಗೆ ಇಂಥ ಕೊಡುಕೊಳ್ಳುವ ಗುಣವಿದೆ ಎಂದು 1850ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಥಾಂಪ್ಸನ್ ಮತ್ತು ವೇ ತೋರಿಸಿದ್ದರು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಕೃತಕ ಜಿಯೋಲೈಟ್ ಮಾಡಿ ನೀರು ಮೆದುಗೊಳಿಸುವ ಯಂತ್ರಕ್ಕೆ ದಾರಿ ತೆರೆದ. ಬಾಯ್ಲರುಗಳ ಪದರದಿಂದ ಬೇಸತ್ತ ಕಾರ್ಖಾನೆಗಳಿಗೆ ಅದು ವರವಾಯಿತು. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳದಿಂದ ಅದೇ ಕೆಲಸ ಮಾಡಿಸಿದರು. ಇಂದು ಸೊಸೈಟಿಯ ಪಂಪುಕೋಣೆಯಲ್ಲಿ ನಿಂತ ಸಾಫ್ಟನರ್ ಸಿಲಿಂಡರಿನೊಳಗೂ, ಡಿಶ್‌ವಾಷರಿನ ಉಪ್ಪಿನ ಡಬ್ಬಿಯ ಪಕ್ಕದಲ್ಲೂ ಇರುವುದು ಆ ರಾಳದ ಮಣಿಗಳೇ. ನೀರನ್ನು ಗಡಸು ಮಾಡಿದ ಕಲ್ಲೇ ಅದರ ಮದ್ದನ್ನೂ ಹೊಟ್ಟೆಯಲ್ಲಿಟ್ಟುಕೊಂಡಿತ್ತು.

ಮದ್ದು ಬಿಟ್ಟಿಯಲ್ಲ. ರಾಳ ತುಂಬಿದಾಗ ಉಪ್ಪುನೀರಿನಿಂದ ತೊಳೆಯಬೇಕು; ಆ ಉಪ್ಪು ಚರಂಡಿಗೆ, ಅಲ್ಲಿಂದ ನದಿಗೆ. ಮೆದುವಾದ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಗಿಡಗಳಿಗೆ ಅದು ಹಿಡಿಸುವುದಿಲ್ಲ.

ಯಾವ ನೀರಿಗೆ ಯಾವ ಮದ್ದು

ಪೇಟೆಯಲ್ಲಿ ಹೆಚ್ಚು ಮಾರಾಟವಾಗುವುದು ಸಾಫ್ಟನರ್ ಅಲ್ಲ, ಆರ್‌ಒ. ಮಾರುವವನು ಪೆನ್ನಿನಂಥ ಟಿಡಿಎಸ್ ಮೀಟರ್ ತರುತ್ತಾನೆ. ಅದು ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆ. ಗಡಸುತನವನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ, ರೋಗಾಣುಗಳ ಬಗ್ಗೆಯಂತೂ ಏನೂ ಹೇಳುವುದಿಲ್ಲ. ಕೆಲವರು ಎರಡು ಲೋಹದ ಕಡ್ಡಿಗಳನ್ನು ಲೋಟದಲ್ಲಿಟ್ಟು ವಿದ್ಯುತ್ ಹಾಯಿಸಿ ನೀರನ್ನು ಕಂದುಬಣ್ಣಕ್ಕೆ ತಿರುಗಿಸಿ ತೋರಿಸುತ್ತಾರೆ. ಆ ಕಂದು ಕಬ್ಬಿಣದ ಕಡ್ಡಿಯದು, ನೀರಿನದಲ್ಲ. ಹೀಗೆ ಖಡಕ್‌ವಾಸ್ಲಾದ ಮೆದು ನೀರು ಬರುವ ಅಡುಗೆಮನೆಗೂ ಆರ್‌ಒ ಬಂದು ಕೂರುತ್ತದೆ, ಶುದ್ಧವಾದ ಪ್ರತಿ ಲೋಟಕ್ಕೂ ಒಂದೆರಡು ಲೋಟ ನೀರನ್ನು ಚೆಲ್ಲುತ್ತದೆ. ಟಿಡಿಎಸ್ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತು. ಅಡುಗೆಮನೆಗಳಲ್ಲಿ ಅದರಿಂದ ದೊಡ್ಡ ಬದಲಾವಣೆಯೇನೂ ಆಗಲಿಲ್ಲ. ಇತ್ತ ನಿಜವಾಗಿ ಗಡಸು ನೀರು ಹಾಯುವ ಬಚ್ಚಲಿನ ಗೀಸರಿಗೆ ಅಡುಗೆಮನೆಯ ಆರ್‌ಒದಿಂದ ಮೂರು ಕಾಸಿನ ಉಪಯೋಗವಿಲ್ಲ.

ಪೇಶ್ವೆಯ ಕಾಲದಿಂದ ಖಡಕ್‌ವಾಸ್ಲಾದವರೆಗೆ ನೀರಿನ ಮೆದುತನ ಊರಿನ ಹೊಣೆಯಾಗಿತ್ತು. ಎಲ್ಲಿಂದ ತರಬೇಕು ಎಂದು ತೀರ್ಮಾನಿಸಿದಾಗಲೇ ಅದೂ ತೀರ್ಮಾನವಾಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಆ ಖರ್ಚು ಸದ್ದಿಲ್ಲದೆ ಮನೆಗಳಿಗೆ ವರ್ಗವಾಯಿತು. ಸುಟ್ಟ ಕಾಯಿಲು, ಏರಿದ ವಿದ್ಯುತ್ ಬಿಲ್ಲು, ಹೆಚ್ಚು ಸುರಿದ ಡಿಟರ್ಜೆಂಟು, ಕಟ್ಟಿದ ಶವರು, ಬೇಡದ ಕಡೆ ಕೂತ ಆರ್‌ಒ. ಯಾವ ಪಾಲಿಕೆಯ ಬಜೆಟ್ಟಿನಲ್ಲೂ ಇವುಗಳ ಸಾಲು ಇರುವುದಿಲ್ಲ. ದೊಡ್ಡ ಸೊಸೈಟಿ ಚಂದಾ ಎತ್ತಿ ಸಾಫ್ಟನರ್ ಹಾಕಿಸುತ್ತದೆ. ವಿದ್ಯಾಪೀಠದ ಸುತ್ತಲಿನ ಬಾಡಿಗೆ ಕೋಣೆಯ ಹುಡುಗರು, ದಿನಕ್ಕೆ ನಾಲ್ಕು ಮನೆಯ ಪಾತ್ರೆ ತಿಕ್ಕುವ ಹೆಂಗಸರು ಇದ್ದ ನೀರಿನಲ್ಲೇ ಕೆಲಸ ಮುಗಿಸುತ್ತಾರೆ.

ಪುಣೆ ಪಾಲಿಕೆ ಮಳೆನೀರು ಕೊಯ್ಲು ಮಾಡುವ ಸೊಸೈಟಿಗಳಿಗೆ ಆಸ್ತಿತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದನ್ನು ಎಲ್ಲರೂ ನೀರಿನ ಪ್ರಮಾಣದ ಲೆಕ್ಕದಲ್ಲಿ ನೋಡುತ್ತಾರೆ. ಗುಣದ ಲೆಕ್ಕವೂ ಅದರಲ್ಲಿದೆ: ಛಾವಣಿಯ ಮಳೆಯನ್ನು ತೊಟ್ಟಿಯಲ್ಲಿ ಹಿಡಿದಿಟ್ಟರೆ ಅದು ಊರಿನ ಅತಿ ಮೆದು ನೀರು, ಬೋರಿನ ಪಕ್ಕ ಇಂಗಿಸಿದರೆ, ಬಿರುಕುಗಳು ಒಂದಕ್ಕೊಂದು ಸೇರಿರುವ ಕಡೆ, ಹಳೆಯ ನೀರಿಗೆ ಹೊಸ ನೀರು ಬೆರೆಯುತ್ತದೆ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೂ ಸಣ್ಣದು. ಬಣ್ಣ ಬದಲಾಗುವವರೆಗೆ ಹನಿ ಎಣಿಸುವ ಗಡಸುತನದ ಪರೀಕ್ಷಾ ಕಿಟ್ ಒಂದು ಕಾಯಿಲಿನ ಬೆಲೆಗಿಂತ ಹೆಚ್ಚೇನೂ ಆಗುವುದಿಲ್ಲ. ಜನವರಿಯಲ್ಲೊಮ್ಮೆ, ಮೇಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಅಳೆದು ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಮೂರು ಅಂಕಿ ಬರೆದಿಟ್ಟರೆ, ಯಾವ ತಿಂಗಳು ತಮ್ಮ ಟ್ಯಾಂಕಿನಲ್ಲಿ ಸಹ್ಯಾದ್ರಿಯ ಮಳೆಯಿದೆ, ಯಾವ ತಿಂಗಳು ಕಾಲಡಿಯ ಕಲ್ಲಿದೆ ಎಂದು ಅಲ್ಲಿರುವ ಎಲ್ಲರಿಗೂ ತಿಳಿಯುತ್ತದೆ.